ಡಿಶ್ ಕಂಪನಿಯ ಗಾಳಿ ನೆಟ್ಟು ನಮ್ಮ ಕೊಳ್ಳದ ಮನೆಗೆ ಬರತ್ತಾ?

ಓದುಗರ ಪ್ರಶ್ನೆ: "ಸರ್, ನಾನು ರಿಟೈರ್ ಆದ ಪ್ರೈಮರಿ ಶಾಲೆ ಅಕ್ಕೋರು. ನಮ್ಮನೆ ಶಿರಸಿ-ಕುಮಟಾ ರಸ್ತೆಯಿಂದ ಒಳಗೆ ಮೂರು ಕಿಲೋಮೀಟರು. ಸುತ್ತ ಗುಡ್ಡ, ಕೆಳಗೆ ಅಡಿಕೆ ತೋಟ, ತೋಟದ ತಲೆಗೆ ಮನೆ. ಹನ್ನೆರಡು ವರ್ಷದಿಂದ ಡಿಶ್ ಇದೆ, ಟಿವಿ ಚೊಲೋ ಬರತ್ತೆ. ಮೊಬೈಲು ಮಾತ್ರ ಮನೆಯೊಳಗೆ ಸಿಗೋದೇ ಇಲ್ಲ, ಕೊಟ್ಟಿಗೆ ಹಿಂದಿನ ದರೆ (ಎತ್ತರದ ಮಣ್ಣಿನ ದಿಬ್ಬ) ಹತ್ತಿ ನಿಂತ್ರೆ ಎರಡು ಕಡ್ಡಿ ಬರತ್ತೆ. ಮೊನ್ನೆ ಡಿಶ್ ರಿಪೇರಿಗೆ ಬಂದ ಹುಡುಗ, ನಮ್ಮ ಕಂಪನೀದು ಈಗ ವೈರ್ ಇಲ್ಲದ ಇಂಟರ್ನೆಟ್ಟೂ ಬಂದಿದೆ, ನಿಮ್ಮನೇಲಿ ಟಿವಿ ಇಷ್ಟು ಚೊಲೋ ಬರ್ತಿದೆ ಅಂದ್ರೆ ನೆಟ್ಟೂ ಬರತ್ತೆ, ಡಿಶ್ ಪಕ್ಕ ಇನ್ನೊಂದು ಡಬ್ಬಿ ಕೂರಿಸೋದು ಅಷ್ಟೇ, ಆರು ತಿಂಗಳ ದುಡ್ಡು ಒಟ್ಟಿಗೆ ಕೊಟ್ರೆ ಕೂರಿಸೋ ಚಾರ್ಜು ಇಲ್ಲ ಅಂದ. ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ, ನೆಟ್ ಇದ್ರೆ ಮಳೆಗಾಲ ಪೂರ್ತಿ ಇಲ್ಲೇ ಇರ್ತೀನಿ ಅಂತಾನೆ. ಆದ್ರೆ ಪಕ್ಕದ ಮನೆಯವರು, ಮಳೆ ಬಂದ್ರೆ ಟಿವಿನೇ ಹೋಗತ್ತೆ ನೆಟ್ ಎಲ್ಲಿಂದ ಬರತ್ತೆ ಅಂತಾರೆ. ಅದರ ರೇಡಿಯೇಶನ್‌ಗೆ ಜೇನು ಹೋಗತ್ತೆ, ಅಡಿಕೆ ಮಿಳ್ಳೆ (ಎಳೇ ಕಾಯಿ) ಉದುರತ್ತೆ ಅಂತಾನೂ ಹೆದರಿಸ್ತಾರೆ. ರಸ್ತೆ ಪಕ್ಕ ನಮ್ಮ ಭಾವನ ಮನೆ ತನಕ ಫೈಬರ್ ಬಂದಿದೆ, ಅಲ್ಲಿಂದ ನಮ್ಮನೆಗೆ ಎಳೆಯೋಕೆ ಕಂಬದ ಖರ್ಚು ನೀವೇ ಹಾಕ್ಕೊಳ್ಳಿ ಅಂತಾರೆ. ಏನು ಮಾಡೋದು?"

ಅಕ್ಕೋರೇ, ನಮಸ್ಕಾರ. ನಿಮ್ಮ ಪ್ರಶ್ನೆ ಉದ್ದ ಇದೆ, ಇದ್ದದ್ದೇ ಒಳ್ಳೇದಾಯ್ತು. ಹೆಚ್ಚಿನವರು "ನೆಟ್ ಸ್ಲೋ, ಪರಿಹಾರ ತಿಳಿಸಿ" ಅಂತ ಒಂದು ಸಾಲು ಗೀಚಿ ಕಳಿಸ್ತಾರೆ, ಮನೆ ಎಲ್ಲಿದೆ ಗುಡ್ಡ ಯಾವ ಬದಿಗಿದೆ ಏನೂ ಹೇಳಲ್ಲ. ನೀವು ಕೊಟ್ಟಿಗೆ ಹಿಂದಿನ ದರೆಯನ್ನೂ ಬಿಡದೆ ಬರ್ದಿದ್ದೀರಿ, ಅರ್ಧ ಉತ್ತರ ಆ ದರೆ ಮೇಲೇ ಇದೆ, ಆಮೇಲೆ ಅಲ್ಲಿಗೆ ಬರ್ತೀನಿ.

ನಿಮ್ಮ ಚಿಂತೆ ನನಗೆ ಅರ್ಥ ಆದದ್ದು ಹೀಗೆ: ದುಡ್ಡು ಕೊಟ್ಟು ಕೂರಿಸಿ ಮಗನನ್ನ ಊರಿಗೆ ಕರೆಸಿ, ಅವನ ಮೀಟಿಂಗ್ ಮಧ್ಯದಲ್ಲಿ ನೆಟ್ ಕೈಕೊಟ್ರೆ ದುಡ್ಡೂ ಹೋಯ್ತು, ಅವನು ಮತ್ತೆ ಬಸ್ ಹತ್ತಿ ಬೆಂಗಳೂರಿಗೂ ಹೋದ. ಮಳೆ, ಜೇನು, ಮಿಳ್ಳೆ ಎಲ್ಲ ಅದರ ಮೇಲಿನ ಒಗ್ಗರಣೆ.

ಮೊದಲು ಆ ಹುಡುಗನ ಮಾತು. ಅವನು ಬೇಕಂತ ಸುಳ್ಳು ಹೇಳಿದ ಅಂತ ನಾನು ಹೇಳಲ್ಲ, ಅವನಿಗೆ ಟ್ರೇನಿಂಗಲ್ಲಿ ಹಾಗೇ ಹೇಳಿಕೊಟ್ಟಿರ್ತಾರೆ. ಆದ್ರೆ "ಟಿವಿ ಬರತ್ತೆ ಅಂದ್ರೆ ನೆಟ್ಟೂ ಬರತ್ತೆ" ಅನ್ನೋದು ಪೂರಾ ತಪ್ಪು. ನಮ್ಮ ಜಿಲ್ಲೇಲಂತೂ ಎಷ್ಟೋ ಕಡೆ ಉಲ್ಟಾನೇ.

ನಿಮ್ಮ ಡಿಶ್ ಎತ್ತ ಮುಖ ಮಾಡಿದೆ ಅಂತ ಒಂದ್ಸಲ ಅಂಗಳಕ್ಕೆ ಬಂದು ನೋಡಿ. ಹೆಚ್ಚುಕಮ್ಮಿ ಆಗ್ನೇಯಕ್ಕೆ ಮುಖ ಮಾಡಿ ಆಕಾಶ ನೋಡ್ತಾ ಕೂತಿರತ್ತೆ. ಅದು ನೋಡ್ತಾ ಇರೋದು ಭೂಮಧ್ಯರೇಖೆ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಉಪಗ್ರಹವನ್ನ. ನಮ್ಮ ಶಿರಸಿ ಕಡೆಯಿಂದ ಲೆಕ್ಕ ಹಾಕಿದ್ರೆ, ಯಾವ ಕಂಪನಿಯ ಉಪಗ್ರಹ ಅನ್ನೋದರ ಮೇಲೆ, ನೆಲದಿಂದ ಸುಮಾರು 48ರಿಂದ 70 ಡಿಗ್ರಿ ಮೇಲಕ್ಕೆ ನೋಡಬೇಕು. ದೂರದರ್ಶನದ ಫ್ರೀ ಡಿಶ್‌ದು 93.5 ಡಿಗ್ರಿ ಪೂರ್ವದಲ್ಲಿದೆ, ಅದಕ್ಕೆ ಹತ್ತಿರ ಹತ್ತಿರ 62 ಡಿಗ್ರಿ ಬರತ್ತೆ. ಅಂದ್ರೆ ಹೆಚ್ಚುಕಮ್ಮಿ ತಲೆ ಮೇಲೆ. ಗುಡ್ಡ ಎಷ್ಟೇ ಇರಲಿ, ಕೊಳ್ಳ ಎಷ್ಟೇ ಆಳ ಇರಲಿ, ಅಂಗಳದ ಮೇಲೆ ಒಂಚೂರು ಆಕಾಶ ಕಂಡ್ರೆ ಟಿವಿ ಬರತ್ತೆ. ಹಳೇ ಆಂಟೆನಾ ಕಾಲದಲ್ಲಿ ಒಬ್ಬ ಮಾಡು (ಛಾವಣಿ) ಹತ್ತಿ ಬಿದಿರು ತಿರುಗಿಸೋದು, ಕೆಳಗಿಂದ ಇನ್ನೊಬ್ಬ "ಬಂತು ಬಂತು, ಅಯ್ಯೋ ಹೋಯ್ತು" ಅಂತ ಕೂಗೋದು, ಆ ತ್ರಾಸು ನಮ್ಮ ಘಟ್ಟದ ಮನೆಗಳಿಗೆ ತಪ್ಪಿಸಿದ್ದೇ ಈ ಡಿಶ್ಶು.

ಈಗ ಅದೇ ಕಂಪನಿ ಕೊಡ್ತೀನಿ ಅಂತಿರೋ ಗಾಳಿ ನೆಟ್ ಇದೆಯಲ್ಲ, ಅದಕ್ಕೂ ಉಪಗ್ರಹಕ್ಕೂ ಸಂಬಂಧಾನೇ ಇಲ್ಲ. ಅದು ಮೊಬೈಲ್ ಟವರಿಂದ ಬರೋ 5ಜಿ ಅಥವಾ 4ಜಿ. ಮಾಡಿನ ಮೇಲೆ ಕೂರಿಸೋ ಆ ಬಿಳಿ ಡಬ್ಬಿ ಅಂದ್ರೆ ಒಂದು ದೊಡ್ಡ ಮೊಬೈಲ್ ಅಂತಿಟ್ಕೊಳ್ಳಿ, ಒಳಗೆ ಸಿಮ್ ಇರತ್ತೆ, ಅದು ಆಕಾಶ ನೋಡಲ್ಲ, ಅಡ್ಡಕ್ಕೆ ಟವರ್ ನೋಡತ್ತೆ. ನಿಮ್ಮನೆಗೂ ಟವರಿಗೂ ನಡುವೆ ಗುಡ್ಡ ಇದ್ರೆ ಆಯ್ತು ಕಥೆ. ಟಿವಿ ಬರೋದು ಮೇಲಿಂದ, ನೆಟ್ ಬರೋದು ಪಕ್ಕದಿಂದ. ಕಂಪನಿ ಒಂದೇ, ಬಿಲ್ಲೂ ಒಂದೇ ಇರಬಹುದು, ದಾರಿ ಬೇರೆ ಬೇರೆ.

ಹಾಗಾದ್ರೆ ಇದೇ ಡಿಶ್ಶಲ್ಲೇ ನೆಟ್ ಯಾಕೆ ಕೊಡಬಾರದು ಅಂತ ನೀವು ಕೇಳಬಹುದು, ಮಕ್ಕಳಿಗೆ ಪಾಠ ಮಾಡಿದವರು ಕೇಳೇ ಕೇಳ್ತೀರಿ. ನಿಮ್ಮ ಡಿಶ್‌ಗೆ ಕಿವಿ ಇದೆ, ಬಾಯಿಲ್ಲ. ಅದು ಬಂದದ್ದನ್ನ ಹಿಡಿಯತ್ತೆ ಅಷ್ಟೇ, ವಾಪಸ್ ಏನೂ ಕಳಿಸಲ್ಲ. ಟಿವಿಗೆ ಅಷ್ಟು ಸಾಕು, ಇಂಟರ್ನೆಟ್‌ಗೆ ಸಾಲಲ್ಲ, ಅಲ್ಲಿ ನೀವು ಒಂದು ಪುಟ ಬೇಕು ಅಂತ ಕೇಳಬೇಕು, ಕೇಳಿದ್ದು ಅಲ್ಲಿಗೆ ಮುಟ್ಟಬೇಕು. ಬಾಯಿ ಇರೋ ಡಿಶ್ಶೂ ಇದೆ, ವಿಸ್ಯಾಟ್ ಅಂತಾರೆ, ಕೆಲವು ಎಟಿಎಂ ಮೇಲೆ ನೋಡಿರ್ತೀರಿ. ಆದ್ರೆ ಸಿಗ್ನಲ್ ಅಷ್ಟು ದೂರ ಹೋಗಿ ಇಳಿದು, ಉತ್ತರ ಮತ್ತೆ ಹತ್ತಿ ಇಳಿದು ಬರೋಕೆ ಹೆಚ್ಚುಕಮ್ಮಿ ಅರ್ಧ ಸೆಕೆಂಡು ಬೇಕು. ಎಟಿಎಂಗೆ ಅಡ್ಡಿಲ್ಲ. ಮೀಟಿಂಗಲ್ಲಿ ಮಾತ್ರ ನಿಮ್ಮ ಮಗ "ಹಲೋ" ಅಂದು ಕಾಯ್ತಾ ಕೂರಬೇಕು, ಆ ಬದಿಯವರೂ ಹಲೋ ಅಂತಿರ್ತಾರೆ, ಇಬ್ಬರ ಮಾತೂ ಮೇಲಿಂದ ಮೇಲೆ ಬೀಳ್ತಿರತ್ತೆ.

ಈ ಟಿವಿ ಕಂಪನಿಗಳಿಗೆ ನೆಟ್ಟಿನ ಉಮೇದಿ ಯಾಕೆ ಬಂತು ಅನ್ನೋದನ್ನೂ ಹೇಳಿಬಿಡ್ತೀನಿ, ಆರು ತಿಂಗಳ ದುಡ್ಡು ಮುಂಚೆ ಕೊಡಬೇಕಾ ಬೇಡ್ವಾ ಅನ್ನೋದಕ್ಕೆ ಅದು ಬೇಕಾಗತ್ತೆ. ನಮ್ಮ ದೇಶದಲ್ಲಿ ಡಿಶ್ ಶುರುವಾದದ್ದು 2003ರಲ್ಲಿ. 2020ರ ಹೊತ್ತಿಗೆ ದುಡ್ಡು ಕೊಟ್ಟು ನೋಡೋ ಮನೆಗಳು 7 ಕೋಟಿ ದಾಟಿದ್ವು, 2025ರ ಮಾರ್ಚ್ ಹೊತ್ತಿಗೆ ಅದು 6 ಕೋಟಿಗಿಂತ ಕೆಳಗೆ ಇಳೀತು. ಒಂದು ಬದಿಗೆ ಫ್ರೀ ಡಿಶ್, ಇನ್ನೊಂದು ಬದಿಗೆ ಮೊಬೈಲಲ್ಲೇ ಸಿನಿಮಾ ಕ್ರಿಕೆಟ್ಟು. ಟಿವಿ ಒಂದನ್ನೇ ನಂಬಿ ಕೂತ್ರೆ ಅಂಗಡಿ ನಡೆಯಲ್ಲ ಅಂತ ಎಲ್ಲರಿಗೂ ಗೊತ್ತಾಗಿದೆ. ಅತ್ಲಾಗೆ 2022ರ ಅಕ್ಟೋಬರ್ 1ಕ್ಕೆ 5ಜಿ ಶುರುವಾಯ್ತು, 2023ರ ಆಗಸ್ಟಲ್ಲಿ ಏರ್‌ಟೆಲ್ ದಿಲ್ಲಿ ಮುಂಬೈಲಿ ಏರ್‌ಫೈಬರ್ ಅಂತ ಬಿಡ್ತು, ಮುಂದಿನ ತಿಂಗಳು ಚೌತಿ ಹೊತ್ತಿಗೆ ಜಿಯೋದು ಬೆಂಗಳೂರೂ ಸೇರಿ 8 ನಗರಗಳಲ್ಲಿ ಬಂತು. ಹೆಸರಲ್ಲಿ ಫೈಬರ್ ಇದೆ ಅಂತ ಮನೆಗೆ ಫೈಬರ್ ಬರತ್ತೆ ಅಂದ್ಕೋಬೇಡಿ, ಮನೆ ತನಕ ಬರೋದು ಗಾಳಿನೇ.

ಅಮೆರಿಕದಲ್ಲಿ ಈ ನಾಟಕ ಇನ್ನೂ ದೊಡ್ಡದಾಗಿ ನಡೀತು. ಅಲ್ಲಿ ಡಿಶ್ ನೆಟ್‌ವರ್ಕ್ ಅಂತ ಒಂದು ಕಂಪನಿ, ಅದರ ಯಜಮಾನ ಚಾರ್ಲಿ ಎರ್ಗನ್ 1980ರಲ್ಲಿ ದೊಡ್ಡ ದೊಡ್ಡ ಡಿಶ್ ಮಾರೋದ್ರಿಂದ ಶುರು ಮಾಡಿದವ. 2012ರಲ್ಲಿ ದಿವಾಳಿಯಾದ ಎರಡು ಉಪಗ್ರಹ ಕಂಪನಿಗಳನ್ನ ತಗೊಂಡ, ಉಪಗ್ರಹದ ಆಸೆಗಲ್ಲ, ಅವುಗಳ ಹತ್ರ ಇದ್ದ ತರಂಗಾಂತರಕ್ಕೆ, ಅಂದ್ರೆ ಗಾಳಿಯಲ್ಲಿ ಸಿಗ್ನಲ್ ಕಳಿಸೋ ಹಕ್ಕಿಗೆ. ಅದರಲ್ಲಿ ನೆಲದ ಮೇಲೆ ಟವರ್ ಹಾಕಿ ನೆಟ್ ಕೊಡೋಕೆ ಅಲ್ಲಿನ ಸರ್ಕಾರದಿಂದ ಒಪ್ಪಿಗೆನೂ ತಗೊಂಡ. 2020ರಲ್ಲಿ ಬೂಸ್ಟ್ ಅನ್ನೋ ಮೊಬೈಲ್ ಕಂಪನಿ ಕೊಂಡು, ಊರೂರಿಗೆ ಟವರ್ ಹಾಕಿಸಿ, 2023ರ ಜೂನಲ್ಲಿ ನಮ್ಮ 5ಜಿ 70 ಪರ್ಸೆಂಟ್ ಜನರಿಗೆ ಮುಟ್ಟತ್ತೆ ಅಂತ ಹೇಳೋ ತನಕ ಬಂದ. ಆಮೇಲೆ 2025ರಲ್ಲಿ ಆ ತರಂಗಾಂತರದ ದೊಡ್ಡ ಪಾಲನ್ನ ಎಟಿ ಅಂಡ್ ಟಿ ಅನ್ನೋ ಮೊಬೈಲ್ ಕಂಪನಿಗೆ ಸುಮಾರು 23 ಬಿಲಿಯನ್ ಡಾಲರಿಗೆ, ರಾಕೆಟ್ ಹಾರಿಸೋ ಸ್ಪೇಸ್ಎಕ್ಸ್‌ಗೆ ಸುಮಾರು 17 ಬಿಲಿಯನ್ನಿಗೆ ಮಾರೋಕೆ ಒಪ್ಪಂದ ಮಾಡ್ಕೊಂಡ. ಅವನಿಗೆ ನಷ್ಟ ಆಯ್ತು ಅಂತ ನಾನು ಹೇಳ್ತಿಲ್ಲ, ಆಸಾಮಿ ಶಾಣ್ಯಾ. ಆದ್ರೆ ಉಪಗ್ರಹ ಹಾರಿಸಿ ದೇಶಕ್ಕೆಲ್ಲ ಒಂದೇ ಸಲ ಟಿವಿ ಕೊಡೋದು ಬೇರೆ ಕಸುಬು, ಗುಡ್ಡ ಗುಡ್ಡ ಹತ್ತಿ ಟವರ್ ನಿಲ್ಲಿಸೋದು ಬೇರೆ ಕಸುಬು. ಒಂದು ಉಪಗ್ರಹಕ್ಕೆ ಕಾಶ್ಮೀರದಿಂದ ಕನ್ಯಾಕುಮಾರಿ ತನಕ ಎಲ್ಲ ಮನೆಯೂ ಒಂದೇ, ಟವರಿಗೆ ನಿಮ್ಮನೆ ಬೇರೆ, ಭಾವನ ಮನೆ ಬೇರೆ.

ಇನ್ನು ಮಳೆ. ಪಕ್ಕದ ಮನೆಯವರು ಅರ್ಧ ಸರಿ ಹೇಳಿದ್ದಾರೆ. ಜೋರು ಮಳೆಗೆ ಟಿವಿ ಚೌಕ ಚೌಕ ಆಗಿ ನಿಲ್ಲೋದು ನಿಜ. ಡಿಶ್‌ಗೆ ಬರೋದು ಸುಮಾರು 12 ಗಿಗಾಹರ್ಟ್ಸಿನ ಅಲೆ, ಅದರ ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ, ದಪ್ಪ ಹನಿ ದಾರಿ ತುಂಬ ಇದ್ರೆ ಅದನ್ನ ಹೀರಿಬಿಡತ್ತೆ. 5ಜಿ ನಮ್ಮ ಕಡೆ ಹೆಚ್ಚಾಗಿ ಬರೋದು 3.5 ಗಿಗಾಹರ್ಟ್ಸ್ ಆಸುಪಾಸಲ್ಲಿ, ಅಲೆಯ ಉದ್ದ ಎಂಟು ಎಂಟೂವರೆ ಸೆಂಟಿಮೀಟರು, ಅದಕ್ಕೆ ಮಳೆ ಹನಿ ಅಂದ್ರೆ ಲೆಕ್ಕಕ್ಕಿಲ್ಲ. 26 ಗಿಗಾಹರ್ಟ್ಸ್ ಅಂತ ಇನ್ನೊಂದಿದೆ, ಅದು ಮಳೆಗೂ ಹೆದರತ್ತೆ ಎಲೆಗೂ ಹೆದರತ್ತೆ, ಪೇಟೆಯಲ್ಲಿ ಹತ್ತಿರದ ದೂರಕ್ಕೆ ಮಾತ್ರ, ಕೊಳ್ಳದ ಮನೆಗೆ ಅದರ ಸುದ್ದಿ ಬೇಡ. ಹಾಗಾಗಿ ಮಳೆಗೆ ಟಿವಿ ನಿಂತಾಗ್ಲೂ ಗಾಳಿ ನೆಟ್ ನಡೀತಾ ಇರೋದನ್ನ ಎಷ್ಟೋ ಮನೇಲಿ ನಾನೇ ನೋಡಿದ್ದೀನಿ.

ಮಳೆಗಾಲದಲ್ಲಿ ನೆಟ್ ಕೆಡಿಸೋದು ಹನಿ ಅಲ್ಲ ಅಕ್ಕೋರೇ, ಎಲೆ. ಇದನ್ನ ನಾನು ಕಲಿತದ್ದು ನನ್ನದೇ ತಪ್ಪಿಂದ. ಕೆಲವು ವರ್ಷದ ಹಿಂದೆ ಯಲ್ಲಾಪುರ ಕಡೆ ಒಂದು ಮನೆಗೆ 4ಜಿ ಡಬ್ಬಿ ಕೂರಿಸಿದ್ದೆ, ಮಾರ್ಚ್ ತಿಂಗಳು. ಮನೆ ಎದುರು ಸಾಗವಾನಿ ತೋಪು, ಅದರಾಚೆ ಟವರ್ ಕಣ್ಣಿಗೇ ಕಾಣ್ತಿತ್ತು, ಸ್ಪೀಡೂ ಭರ್ಜರಿ ಬಂತು, ಊಟ ಹಾಕಿ ಕಳಿಸಿದ್ರು. ಜುಲೈ ಮೊದಲ ವಾರ ಫೋನು, "ನೆಟ್ ಸತ್ತೇ ಹೋಗಿದೆ ಮಾರಾಯ್ರೇ". ಹೋಗಿ ನೋಡಿದ್ರೆ ಟವರೇ ಕಾಣ್ತಿಲ್ಲ! ಮಾರ್ಚಲ್ಲಿ ಸಾಗವಾನಿ ಎಲೆ ಎಲ್ಲ ಉದುರಿ ಬೋಳು ನಿಂತಿತ್ತು, ಮಳೆ ಬಿದ್ದದ್ದೇ ಮೊರದಗಲ ಎಲೆ ಚಿಗುರಿ ನೀರು ಕುಡಿದು ಗೋಡೆ ಹಾಗೆ ನಿಂತಿದೆ. ಒಣಗಿದ ಎಲೆಗಿಂತ ಒದ್ದೆ ಎಲೆ ಸಿಗ್ನಲ್ ನುಂಗೋದು ಬಹಳ ಹೆಚ್ಚು. ಕಡೆಗೆ ಡಬ್ಬಿಯನ್ನ ಮನೆ ಬಿಟ್ಟು ಅಂಗಳದ ಆಚೆ ತುದಿಗೆ, ತೋಪಿನ ಪಕ್ಕದಿಂದ ಟವರ್ ಕಾಣೋ ಜಾಗಕ್ಕೆ, ನನ್ನ ಖರ್ಚಲ್ಲೇ ಪೈಪ್ ನೆಟ್ಟು ಕೂರಿಸಿದೆ. ನಿಮ್ಮದು ಅಡಿಕೆ, ಅದು ವರ್ಷವಿಡೀ ಹಸಿರು, ಹಾಗಾಗಿ ಬೇಸಿಗೆಗೂ ಮಳೆಗಾಲಕ್ಕೂ ಅಷ್ಟು ವ್ಯತ್ಯಾಸ ಬರಲ್ಲ. ಆದ್ರೂ ಅಡಿಕೆ ಮರದ ತಲೆಯ ಮಟ್ಟಕ್ಕಿಂತ ಕೆಳಗೆ ಡಬ್ಬಿ ಇಟ್ರೆ ಸೋಗೆಗಳ ಮಧ್ಯದಿಂದಲೇ ಸಿಗ್ನಲ್ ಬರಬೇಕು, ಅದು ಆಗೋ ಹೋಗೋ ಮಾತಲ್ಲ.

ರೇಡಿಯೇಶನ್ ವಿಷಯ ಬೇಗ ಮುಗಿಸ್ತೀನಿ. ಡಿಶ್ ಏನನ್ನೂ ಹೊರಗೆ ಬಿಡೋದೇ ಇಲ್ಲ, ಅದಕ್ಕೆ ಬಾಯಿಲ್ಲ ಅಂತ ಆಗ್ಲೇ ಹೇಳಿದೆ. ನೆಟ್ ಡಬ್ಬಿ ಬಿಡತ್ತೆ, ಎಷ್ಟು ಅಂದ್ರೆ ಹೆಚ್ಚುಕಮ್ಮಿ ಒಂದು ಮೊಬೈಲಿನಷ್ಟು, ಅದೂ ಮಾಡಿನ ಮೇಲೆ, ಮೊಬೈಲಿನ ಹಾಗೆ ಕಿವಿಗೆ ಒತ್ಕೊಂಡು ಇರಲ್ಲ. ಟವರು ಬಿಡಬಹುದಾದ ರೇಡಿಯೇಶನ್ ಮಿತಿಯನ್ನ ನಮ್ಮ ಸರ್ಕಾರ 2012ರ ಸೆಪ್ಟೆಂಬರಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತ್ತು. ಮಿಳ್ಳೆ ಉದುರಿದ್ರೆ ಕೊಳೆ ಬಂದಿದೆಯಾ, ತಿಗಣೆ ಕಾಟ ಇದೆಯಾ, ಬೇಸಿಗೇಲಿ ನೀರು ಸಾಲದೇ ಹೋಯ್ತಾ ಅಂತ ತೋಟಗಾರಿಕೆಯವರನ್ನ ಕೇಳಿ, ಡಬ್ಬಿಯನ್ನ ಬೈಬೇಡಿ.

ಹಾಗಾದ್ರೆ ನಿಜವಾದ ಅಪಾಯ ಇಲ್ವಾ ಅಂದ್ರೆ ಇದೆ, ಅದರ ಬಗ್ಗೆ ಮಾರೋ ಹುಡುಗರು ಬಾಯಿ ಬಿಡಲ್ಲ. ಸಿಡಿಲು. ಮಾಡಿನ ಮೇಲೆ ಡಬ್ಬಿ, ಅದರಿಂದ ಕೆಳಗೆ ರೌಟರ್ ತನಕ ಒಂದು ತಾಮ್ರದ ಲ್ಯಾನ್ ಕೇಬಲ್ಲು, ಡಬ್ಬಿಗೆ ಕರೆಂಟು ಹೋಗೋದೂ ಅದರಲ್ಲೇ. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಮತ್ತೆ ಅಕ್ಟೋಬರಲ್ಲಿ ಮಳೆ ವಾಪಸ್ ಹೋಗೋ ಹೊತ್ತಿನ ಗುಡುಗು ನಿಮಗೇನು ಹೇಳೋದು, ನಮ್ಮ ಕಡೆ ಟಿವಿ ಸುಟ್ಟದ್ದೆಲ್ಲ ಆ ಎರಡು ಸಲಕ್ಕೇ. ಹತ್ತಿರ ಎಲ್ಲೋ ತೆಂಗಿನ ಮರಕ್ಕೆ ಬಿದ್ರೂ ಸಾಕು, ಆ ಕೇಬಲ್ಲಲ್ಲಿ ಇಳಿದು ರೌಟರ್ ಸುಡತ್ತೆ, ರೌಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದ್ರೆ ಅದೂ ಹೋಯ್ತು. ಆಕಾಶ ಕಪ್ಪಾಯ್ತು ಅಂದ್ರೆ ರೌಟರಿನ ಪಿನ್ನೂ ಲ್ಯಾನ್ ಕೇಬಲ್ಲೂ ಎರಡನ್ನೂ ಕಿತ್ತಿಡಿ. ಬೇರೆ ಹೊತ್ತಲ್ಲೂ ಲ್ಯಾಪ್ಟಾಪಿಗೆ ಕೇಬಲ್ ಸಿಕ್ಕಿಸದೆ ಮಗ ವೈಫೈಯಲ್ಲೇ ಕೆಲಸ ಮಾಡ್ಲಿ. ಡಬ್ಬಿ ಕೂರಿಸೋ ಪೈಪಿಗೆ ಬೇರೆ ಅರ್ಥಿಂಗ್ ಕೊಡಿಸಿ. ಕೂರಿಸೋಕೆ ಬಂದವನು "ಅದೆಲ್ಲ ಬೇಡ ಅಮ್ಮ" ಅಂದ್ರೆ ಅವನಿಗೆ ಆವತ್ತು ಇನ್ನೂ ನಾಲ್ಕು ಮನೆ ಇದೆ ಅಂತ ಅರ್ಥ.

ಕರೆಂಟ್ ಇನ್ನೊಂದು. ನಿಮ್ಮನೇಲಿ ಇನ್ವರ್ಟರ್ ಇರಬಹುದು, ಟವರಲ್ಲಿ ಇದೆಯಾ? ಟವರಿಗೆ ಬ್ಯಾಟರಿ ಇರತ್ತೆ, ಆದ್ರೆ ಮರ ಬಿದ್ದು ಲೈನ್ ಹೋಗಿ ಎರಡು ದಿನ ಕರೆಂಟ್ ಇಲ್ಲ ಅಂದ್ರೆ ಬ್ಯಾಟರಿ ಎಷ್ಟು ಹೊತ್ತು ಬರತ್ತೆ, ಜನರೇಟರಿಗೆ ಡೀಸೆಲ್ ಯಾರು ಹೊತ್ಕೊಂಡು ಹೋಗ್ತಾರೆ. ಈ ಪ್ರಶ್ನೆಗೆ ಉತ್ತರ ಕಂಪನಿಯವರ ಹತ್ರ ಸಿಗಲ್ಲ, ಟವರ್ ಪಕ್ಕದ ಮನೆಯವರ ಹತ್ರ ಸಿಗತ್ತೆ. "ಹೋದ ಜುಲೈಲಿ ಟವರ್ ಎಷ್ಟು ದಿನ ಬಂದ್ ಆಗಿತ್ತು" ಅಂತ ಒಂದು ಮಾತು ಕೇಳಿ ನೋಡಿ, ಯಾವ ಜಾಹೀರಾತಲ್ಲೂ ಇಲ್ಲದ ಮಾಹಿತಿ ಒಂದು ಚಾದ ಖರ್ಚಲ್ಲಿ ಬರತ್ತೆ.

ಕಡ್ಡಿ ನೋಡಿ ಮೋಸ ಹೋಗೋರೂ ಬಹಳ. ಐದು ಕಡ್ಡಿ ಇದ್ರೆ ಸ್ಪೀಡ್ ಚೊಲೋ ಅಂತಲ್ಲ, ಎರಡು ಕಡ್ಡಿ ಇದ್ರೆ ಕೆಟ್ಟದ್ದು ಅಂತಾನೂ ಅಲ್ಲ. ಕಡ್ಡಿ ಹೇಳೋದು ನಿಮಗೂ ಟವರಿಗೂ ನಡುವಿನ ಮಾತು ಮಾತ್ರ. ಟವರಿಂದ ಮುಂದಕ್ಕೆ ಊರಾಚೆಗೆ ಹೋಗೋ ದಾರಿ ಬೇರೆ ಇದೆ, ಕೆಲವಕ್ಕೆ ಫೈಬರ್, ಘಟ್ಟದೊಳಗಿನ ಎಷ್ಟೋ ಟವರಿಗೆ ಗುಡ್ಡದಿಂದ ಗುಡ್ಡಕ್ಕೆ ಮೈಕ್ರೋವೇವ್, ಟವರ್ ಮೇಲೆ ಡೋಲಿನ ಹಾಗೆ ಗುಂಡಗೆ ಬಿಳಿ ಕಾಣತ್ತಲ್ಲ ಅದು. ಆ ದಾರಿ ಸಣ್ಣದಿದ್ರೆ ಕಡ್ಡಿ ಪೂರ್ತಿ ಇದ್ರೂ ನೆಟ್ ತೆವಳತ್ತೆ. ಸಾಲದ್ದಕ್ಕೆ ಟವರಿನ ನೆಟ್ಟು ಊರಿಗೆಲ್ಲ ಹಂಚಿ ಹೋಗೋದು. ಹಗಲು ಹನ್ನೊಂದಕ್ಕೆ 80 ಎಂಬಿಪಿಎಸ್ ಸ್ಪೀಡ್ ಬಂದದ್ದು ರಾತ್ರಿ ಎಂಟೂವರೆಗೆ, ಎಲ್ಲರೂ ಊಟ ಮಾಡ್ತಾ ಮೊಬೈಲ್ ನೋಡೋ ಹೊತ್ತಿಗೆ, 6ಕ್ಕೆ ಇಳೀಬಹುದು. ಟಿವಿಗೆ ಈ ರಗಳೆ ಇಲ್ಲ, ಉಪಗ್ರಹದಿಂದ ಒಬ್ಬ ನೋಡಿದ್ರೂ ಕೋಟಿ ಜನ ನೋಡಿದ್ರೂ ನಿಮ್ಮ ಪಾಲು ಕಡಿಮೆ ಆಗಲ್ಲ.

ಅದಕ್ಕೇ ದುಡ್ಡು ಕೊಡೋ ಮುಂಚೆ ಒಂದು ಕೆಲಸ ಮಾಡಿ. ಮಗ ಊರಿಗೆ ಬಂದಾಗ 5ಜಿ ಇರೋ ಫೋನು, ಈ ಕಂಪನಿ ಯಾವ ಟವರಿನ ನೆಟ್ ಕೊಡತ್ತೋ ಅದೇ ಸಿಮ್ಮು, ಎರಡನ್ನೂ ಹಿಡ್ಕೊಂಡು ಮೂರು ಜಾಗದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿ ನೋಡ್ಲಿ: ಮಾಡಿನ ಮೇಲೆ ಡಿಶ್ ಪಕ್ಕ, ಅಂಗಳದ ತುದಿ, ಆಮೇಲೆ ಆ ದರೆ. ಬೆಳಗ್ಗೆ ಒಂದ್ಸಲ, ರಾತ್ರಿ ಎಂಟರಿಂದ ಹತ್ತರ ಒಳಗೆ ಒಂದ್ಸಲ, ಮೂರು ದಿನ. ಡೌನ್‌ಲೋಡ್ ಒಂದೇ ನೋಡೋದಲ್ಲ, ಅಪ್‌ಲೋಡ್ ಬರ್ಕೊಳ್ಳಿ, ಈ 5ಜಿಯಲ್ಲಿ ಕೆಳಗೆ ಬರೋದಕ್ಕೆ ದೊಡ್ಡ ಪಾಲು, ಮೇಲೆ ಹೋಗೋದಕ್ಕೆ ಸಣ್ಣ ಪಾಲು. ಮಗನ ವಿಡಿಯೋ ಮೀಟಿಂಗಿಗೆ ಮೇಲೆ ಹೋಗೋದು 3-4 ಎಂಬಿಪಿಎಸ್ ಬಿಡದೆ ಸಿಕ್ರೆ ಸಾಕು, ಒಂದು ಕ್ಷಣ 40 ಬಂದು ಮರುಕ್ಷಣ ಸೊನ್ನೆ ಆಗೋದಕ್ಕಿಂತ ಅದು ಚೊಲೋ. ಫೋನಿನ ಸಿಮ್ ಸ್ಟೇಟಸ್ ಅನ್ನೋ ಕಡೆ ಸಿಗ್ನಲ್ ಮೈನಸ್ ಲೆಕ್ಕದಲ್ಲಿ ತೋರಿಸತ್ತೆ, ಮೈನಸ್ 95ಕ್ಕಿಂತ ಒಳ್ಳೇದಿದ್ರೆ, ಅಂದ್ರೆ 90, 85 ಹೀಗೆ, ಉಮೇದಿ ಇಟ್ಕೋಬಹುದು. ಮೈನಸ್ 110 ದಾಟಿದ್ರೆ ಆ ಜಾಗ ಬಿಡಿ. ಹೊರಗೆ ಕೂರಿಸೋ ಡಬ್ಬಿಯ ಆಂಟೆನಾ ಫೋನಿಗಿಂತ ದೊಡ್ಡದು, ಎತ್ತರದಲ್ಲೂ ಇರತ್ತೆ, ಹಾಗಾಗಿ ಫೋನಲ್ಲಿ ಬಂದದ್ದಕ್ಕಿಂತ ಒಂದು ಕೈ ಮೇಲೇ ಬರತ್ತೆ. ಆದ್ರೆ ಮನೆಯೊಳಗೆ ಕಪಾಟಿನ ಮೇಲಿಡೋ ಡಬ್ಬಿ ಕೊಟ್ರೆ ಬೇಡ ಅನ್ನಿ, ನಿಮ್ಮನೆಗೆ ಅದು ನಡೆಯಲ್ಲ.

ಹತ್ತಿರದ ಟವರೇ ಒಳ್ಳೇದು ಅಂತಾನೂ ಇಲ್ಲ. ಕುಮಟಾ ಕಡೆ ಅಘನಾಶಿನಿ ಹೊಳೆ ದಂಡೆಯ ಒಂದು ಮನೇಲಿ, ಹಿಂದಿನ ಗುಡ್ಡದಾಚೆ ಒಂದು ಕಿಲೋಮೀಟರಲ್ಲಿ ಟವರ್ ಇದ್ರೂ ಏನೂ ಬರ್ತಿರಲಿಲ್ಲ, ಹೊಳೆಯಾಚೆ ಐದಾರು ಕಿಲೋಮೀಟರ್ ದೂರದ ಟವರ್ ಕಡೆ ಡಬ್ಬಿ ತಿರುಗಿಸಿದ್ದೇ ಸೈ, ನಡುವೆ ಬರೀ ನೀರು, ಅಡ್ಡ ಏನೂ ಇಲ್ಲ. ಕಾರವಾರದಿಂದಾಚೆ ಮಾಜಾಳಿ ಕಡೆಯವರಿಗಂತೂ ಫೋನು ಗೋವಾ ಟವರ್ ಹಿಡ್ಕೊಂಡು ಕೂರತ್ತೆ. ನಿಮ್ಮ ಡಬ್ಬಿಯನ್ನ ಒಂದೇ ದಿಕ್ಕಿಗೆ ಬಿಗಿದು ಹೋಗೋಕೆ ಬಿಡ್ಬೇಡಿ, ಸುತ್ತ ತಿರುಗಿಸಿ ನೋಡು ಅನ್ನಿ, ಶಾಲೇಲಿ ಹುಡುಗರ ಕೈಲಿ ಮಗ್ಗಿ ಹೇಳಿಸಿದವರಿಗೆ ಇದು ಸಸಾರ.

ಇಷ್ಟಾಗಿ ನಿಮ್ಮ ಜಾಗಕ್ಕೆ ನಾನಾಗಿದ್ರೆ ಏನು ಮಾಡ್ತಿದ್ದೆ ಅಂದ್ರೆ, ಮೊದಲು ಭಾವನ ಮನೆ ಕಡೆ ನೋಡ್ತಿದ್ದೆ.

ಅಲ್ಲಿ ತನಕ ಫೈಬರ್ ಬಂದಿದೆ ಅಂದ್ರಿ. ಫೈಬರಿಗೆ ದೂರ ತೊಂದರೆ ಅಲ್ಲ, ಅದು 20 ಕಿಲೋಮೀಟರ್ ಬೇಕಾದ್ರೂ ಓಡತ್ತೆ. ತೊಂದರೆ ಮೂರು ಕಿಲೋಮೀಟರ್ ಕಂಬ, ಮರಕ್ಕೆ ಕಟ್ಟಿ ತಂದ್ರೆ ಗಾಳಿಗೆ ಕೊಂಬೆ ಬಿದ್ದು ತುಂಡು, ಮಂಗ ಜೋಕಾಲಿ ಆಡಿ ತುಂಡು, ಯಾರೋ ಸೊಪ್ಪು ಕಡಿಯುವಾಗ ಕತ್ತಿ ತಾಗಿ ತುಂಡು. ಪ್ರತಿ ಸಲ ಜೋಡಿಸೋ ಮಶೀನು ಹಿಡ್ಕೊಂಡು ಒಬ್ಬ ಬರಬೇಕು, ಮಳೆಗಾಲದಲ್ಲಿ ಅವನಿಗೆ ಇಂಥ ಮನೆ ಐವತ್ತಿರತ್ತೆ. ದಾರೀಲಿ ಇನ್ನೂ ನಾಲ್ಕೈದು ಮನೆ ಇದ್ದು ಎಲ್ಲರೂ ಸೇರಿ ಕಂಬ ಹಾಕಿಸೋದಾದ್ರೆ ಇದಕ್ಕಿಂತ ಗಟ್ಟಿ ನೆಟ್ ಇನ್ನೊಂದಿಲ್ಲ. ಒಬ್ಬರೇ ಆದ್ರೆ ಬೇಡ.

ಇನ್ನೊಂದು ದಾರಿ ಇದೆ, ಮಾರೋಕೆ ಬರೋರು ಇದನ್ನ ಹೇಳಲ್ಲ, ಅದರಲ್ಲಿ ಅವರಿಗೇನೂ ಸಿಗಲ್ಲ. ಭಾವನ ಮನೇಲಿ ನಿಮ್ಮ ಹೆಸರಲ್ಲೇ ಒಂದು ಫೈಬರ್ ಕನೆಕ್ಷನ್ ತಗೊಳ್ಳಿ. ಅಲ್ಲಿಂದ ನಿಮ್ಮ ದರೆ ಕಾಣತ್ತಾ? ಅವರ ಮಾಡಿನ ಮೇಲಿಂದ ಒಬ್ಬರು ಕನ್ನಡಿ ಹಿಡಿದು ಬಿಸಿಲು ಹಾಯಿಸ್ಲಿ, ನಿಮ್ಮ ದರೆ ಮೇಲೆ ನಿಂತವರಿಗೆ ಮಿಂಚಿದ್ರೆ ಕಾಣತ್ತೆ ಅಂತ ಅರ್ಥ. ಕಂಡ್ರೆ 5 ಗಿಗಾಹರ್ಟ್ಸಿನ ಎರಡು ರೇಡಿಯೋ, ಅಂದ್ರೆ ಗಾಳಿಯಲ್ಲಿ ನೆಟ್ ದಾಟಿಸೋ ಡಬ್ಬಿ, ಸಾಕು, ಅಲ್ಲೊಂದು ಇಲ್ಲೊಂದು, ಮುಖಾಮುಖಿ. ಈ ತರಂಗಾಂತರಕ್ಕೆ ಲೈಸೆನ್ಸ್ ಬೇಡ ಅಂತ 2018ರಲ್ಲೇ ಸರ್ಕಾರ ಹೇಳಿದೆ. ಮೂರು ಕಿಲೋಮೀಟರಿಗೆ ಧಾರಾಳ, ಜೋಡಿಗೆ ಕೆಲವು ಸಾವಿರ ರೂಪಾಯಿ ಒಂದೇ ಸಲದ ಖರ್ಚು, ಟವರಿನ ಹಾಗೆ ಊರಿಗೆಲ್ಲ ಹಂಚೋದಿಲ್ಲ, ಸಂಜೆ ಹೊತ್ತಿನ ತೆವಳಾಟವೂ ಇಲ್ಲ. ದರೆಯಿಂದ ಮನೆಗೆ ಕೇಬಲ್ ಇಳಿಸಿದ್ರಾಯ್ತು, ನೂರು ಮೀಟರ್ ಒಳಗಿರಬೇಕು ಅಷ್ಟೇ. ರೇಡಿಯೋಗೆ ಎರಡೂ ಕಡೆ ಕರೆಂಟ್ ಬೇಕು, ಹಾಗಾಗಿ ಭಾವನ ಮನೆ ಇನ್ವರ್ಟರಿಗೆ ಸೇರಿಸೋ ಮಾತನ್ನ ಮುಂಚೇನೇ ಆಡಿ, ಆಮೇಲೆ ಮನಸ್ತಾಪ ಬೇಡ. ಮತ್ತೆ ಆ ಕನೆಕ್ಷನ್ನನ್ನ ದಾರಿ ಮೇಲಿನ ಮನೆಗಳಿಗೆ ಹಂಚಿ ದುಡ್ಡು ತಗೊಳ್ಳೋ ಆಲೋಚನೆ ಯಾರಾದ್ರೂ ಕೊಟ್ರೆ ಬೇಡ ಅನ್ನಿ, ಅದಕ್ಕೆ ಲೈಸೆನ್ಸ್ ಬೇಕು.

ಭಾವನ ಮನೆಯಿಂದ ದರೆ ಕಾಣದೇ ಹೋದ್ರೆ, ದರೆ ಮೇಲೆ 5ಜಿ ಲೆಕ್ಕ ಚೊಲೋ ಬಂದ್ರೆ, ಆಗ ಡಿಶ್ ಕಂಪನಿಯ ಗಾಳಿ ನೆಟ್ ಅಡ್ಡಿಲ್ಲ. ಆದ್ರೆ ಡಬ್ಬಿ ಡಿಶ್ ಪಕ್ಕ ಅಲ್ಲ, ದರೆ ಮೇಲೆ. ಡಿಶ್‌ಗೆ ಚೊಲೋ ಇರೋ ಜಾಗ ಇದಕ್ಕೆ ಚೊಲೋ ಆಗಬೇಕು ಅಂತೇನಿಲ್ಲ. ತಿಂಗಳಿಗೆ ಸುಮಾರು 600ರಿಂದ 900, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಬೋರ್ಡಿನ ಮೇಲೆ ಬರೆಯೋವಾಗ ಜಿಎಸ್‌ಟಿ ಬಿಟ್ಟು ಬರೀತಾರೆ ನೋಡ್ಕೊಳ್ಳಿ. ಅನ್‌ಲಿಮಿಟೆಡ್ ಅಂತಾರೆ, ಆದ್ರೆ ತಿಂಗಳಿಗೆ 1000 ಜಿಬಿ ಆಸುಪಾಸು ಆದ್ಮೇಲೆ ಸ್ಪೀಡ್ ಇಳಿಸ್ತಾರೆ, ಮನೆ ಬಳಕೆಗೆ ಅಷ್ಟು ಮುಟ್ಟೋದು ಕಷ್ಟ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಟಿವಿ ಕೊಡೋ ಕಸುಬು ಬೇರೆ, ಟವರಿಂದು ಬೇರೆ ಅಂದೆನಲ್ಲ, ಹಾಗಾಗಿ ಆರು ತಿಂಗಳ ದುಡ್ಡು ಮಾತ್ರ ಈಗಲೇ ಕೊಡಬೇಡಿ. ಕೂರಿಸೋ ಚಾರ್ಜು ಸಾವಿರ ಹೋದ್ರೂ ಹೋಗ್ಲಿ, ಒಂದು ತಿಂಗಳದ್ದು ಕೊಟ್ಟು ನೋಡಿ, ಆ ತಿಂಗಳು ಜುಲೈ ಆಗಿದ್ರೆ ಇನ್ನೂ ಒಳ್ಳೇದು. ನೆಟ್ ಬರದಿದ್ರೆ ಎಷ್ಟು ದಿನದೊಳಗೆ ಹೇಳಿದ್ರೆ ದುಡ್ಡು ವಾಪಸ್ಸು, ಡಬ್ಬಿ ಯಾರದ್ದು, ಈ ಎರಡನ್ನ ಆ ಹುಡುಗನ ಬಾಯಲ್ಲಲ್ಲ, ಫೋನಿಗೆ ಮೆಸೇಜಲ್ಲಿ ಬರೆಸ್ಕೊಳ್ಳಿ.

ಉಪಗ್ರಹದ ನೆಟ್ಟೇ ಬೇರೆ ಬರ್ತಿದೆಯಲ್ಲ ಅಂತ ಮಗ ಹೇಳಬಹುದು. ಆಗ್ಲೇ ಹೇಳಿದ ಸ್ಪೇಸ್ಎಕ್ಸ್ ಕಂಪನಿಯ ಉಪಗ್ರಹ ನೆಟ್ ಸ್ಟಾರ್‌ಲಿಂಕ್‌ಗೆ 2025ರ ಜೂನಲ್ಲಿ ಸರ್ಕಾರದ ಲೈಸೆನ್ಸ್ ಸಿಕ್ತು. ಅದರ ಉಪಗ್ರಹಗಳು ಬರೀ 500 ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ ಓಡಾಡೋದ್ರಿಂದ ಆ ಅರ್ಧ ಸೆಕೆಂಡಿನ ಕಾಟ ಇಲ್ಲ, ಕೊಳ್ಳದ ಮನೆಗೆ ಹೇಳಿ ಮಾಡಿಸಿದ ಹಾಗೆ ಕಾಣತ್ತೆ. ಒಂದೇ ತಕರಾರು, ಉಪಗ್ರಹ ಒಂದು ಕಡೆ ನಿಲ್ಲದೆ ಓಡ್ತಾ ಇರೋದ್ರಿಂದ ಅದಕ್ಕೆ ಡಿಶ್ಶಿನ ಹಾಗೆ ಒಂಚೂರು ಆಕಾಶ ಸಾಲಲ್ಲ, ಅಗಲ ಆಕಾಶ ಬೇಕು. ತೋಟದ ತಲೆಯ ಮನೇಲಿ ಅಷ್ಟು ಆಕಾಶ ಸಿಗೋದೂ ಮತ್ತೆ ಆ ದರೆ ಮೇಲೇ ಇರಬಹುದು.

ಏನೇ ಮಾಡಿದ್ರೂ ಹಳೇ ಡಿಶ್ ಕಿತ್ತು ಕೊಡಬೇಡಿ. ನೆಟ್ಟಲ್ಲೇ ಟಿವಿ ನೋಡಬಹುದು, ಎರಡಕ್ಕೂ ಒಂದೇ ಬಿಲ್ಲು ಅಂತ ಪುಸಲಾಯಿಸ್ತಾರೆ. ಮರ ಬಿದ್ದು ಟವರ್ ಮಲಗಿದ ದಿನ ಇನ್ವರ್ಟರ್ ಮೇಲೆ ವಾರ್ತೆ ನೋಡೋಕೆ ಆ ಡಿಶ್ಶೇ ಗತಿ.

ದರೆ ಮೇಲೆ ಯಾವುದೇ ಡಬ್ಬಿ ಕೂರಿಸೋದಾದ್ರೂ ಅಡಿಕೆ ಮರದ ಕಂಬ ನೆಡಬೇಡಿ, ಮೊದಲ ಗಾಳಿಗೆ ಬಾಗತ್ತೆ, ಎರಡನೇ ಮಳೆಗಾಲಕ್ಕೆ ಬುಡ ಕೊಳೆಯತ್ತೆ, ಡಬ್ಬಿ ಬೇರೆ ಕಡೆ ತಿರುಗಿ ಹೋದ್ರೆ ರೇಡಿಯೋ ಕೆಲಸ ಮಾಡಲ್ಲ. ಎರಡಿಂಚಿನ ಜಿಐ ಪೈಪು, ದರೆಯ ಅಂಚಿಂದ ನಾಲ್ಕೈದು ಅಡಿ ಒಳಗೆ, ಬುಡಕ್ಕೆ ಕಾಂಕ್ರೀಟು. ತೀರಾ ಅಂಚಿಗೆ ಬೇಡ, ಈಚೆ ಮಳೆಗೆ ದರೆ ಜರಿಯೋದು ಜಾಸ್ತಿಯಾಗಿದೆ. ಮೂರು ದಿನದ ಆ ಲೆಕ್ಕ ಬರ್ಕೊಂಡ ಮೇಲೆ ಜೊತೆಗೆ ದರೆ ಮೇಲಿಂದ ನಾಲ್ಕೂ ದಿಕ್ಕಿನ ಒಂದೊಂದು ಫೋಟೋ ಕಳಿಸಿ, ಡಬ್ಬಿ ಎತ್ತ ತಿರುಗಿಸಬೇಕು ಅಂತ ನೋಡಿ ಹೇಳ್ತೀನಿ.